ಚಿಲಕ

ರಾತ್ರಿ ಎರಡೂಕಾಲು. ಮೇಘನಾ ನದಿಯ ಕಡೆಯಿಂದ
ಡೀಸೆಲ್ ದೋಣಿಯೊಂದು ಕೆಮ್ಮುತ್ತ ಬಂದು ನಿಂತಿತು.
ಜೋಬೇದಾ ಬೀಬಿ ಮಗನನ್ನು
ಒದ್ದೆ ಬಟ್ಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಬಂದಳು.
ಮೊತಾಲೇಬ್, ಏಳು ವರ್ಷ.
ಕಣ್ಣು ಗುಳಿಗಿಳಿದಿತ್ತು.
ಚಿವುಟಿದ ಚರ್ಮ ಚಿವುಟಿದಂತೆಯೇ ನಿಂತಿತ್ತು.

ನಡುವೆ ತೂತಿರುವ ಮಂಚ, ಕೆಳಗೆ ನೀಲಿ ಬಕೆಟ್ಟು.
ಬಕೆಟ್ಟಿನಿಂದ ಒಂದು ಹನಿ ನನ್ನ ಪಾಲಿಗೆ,
ಅಕ್ಕಿ ತೊಳೆದ ನೀರಿನ ಬಣ್ಣ.
ಗಾಜಿನ ಮೇಲಿಟ್ಟು ಕಣ್ಣು ಕಿರಿದು ಮಾಡಿದರೆ
ಅಲ್ಪವಿರಾಮಗಳು,
ವಾಕ್ಯವೇ ಇಲ್ಲದೆ ಬಾಲ ಬೀಸುತ್ತ ಓಡಾಡುವವು.

ಇದಕ್ಕೆ ಎರಡು ಗೋಡೆಯ ಮನೆ.
ಹಲ್ಲಿಲ್ಲ, ಕೊಂಡಿಯಿಲ್ಲ.
ನಂಜು ಒಳಕೋಣೆಯಲ್ಲಿ ಎಳೆಯಾಗಿ ಹುಟ್ಟಿ
ಸೂಜಿಯ ಕಣ್ಣಿಗೆ ಪೋಣಿಸಿದ ಹಾಗೆ
ಮೊದಲ ಗೋಡೆ ದಾಟುತ್ತದೆ.
ಎರಡು ಗೋಡೆಗಳ ನಡುವಿನ ಓಣಿಯಲ್ಲಿ
ಐದು ಎಸಳು ಕೂಡಿ ಬಳೆ,
ಬಳೆಯ ಮೇಲೊಂದು ಮುಳ್ಳು.
ಹೊರಗೋಡೆಗೆ ಕದ ಒಂದೇ.
ಒಳಗಿಂದ ಒನಕೆಯೊಂದು ಮೇಲೇಳುತ್ತದೆ,
ನೂಕುತ್ತದೆ,
ಕದ ತೆರೆದು ಮುಚ್ಚುತ್ತದೆ.
ಮನೆಯ ಒಂದು ತೊಟ್ಟು ನೀರೂ ಆಚೆ ಚೆಲ್ಲುವುದಿಲ್ಲ.

ಸಿಟ್ಟು ಬರಬೇಕು ನನಗೆ. ಬರುತ್ತದೆ ಕೂಡ.
ಆದರೆ ನಮ್ಮಪ್ಪ ಸೊಭಾನ್ ಮಿಸ್ತ್ರಿ ದೋಣಿ ಕಟ್ಟುವವನು,
ಹಲಗೆಗಳ ಸಂದಿಗೆ ನೂಲು ಜಡಿಯುತ್ತ
"ನದಿಯ ಒಂದು ಹನಿ ಒಳಗೆ ಬಂದರೂ
ಅದು ದೋಣಿಯಲ್ಲ, ಬುಟ್ಟಿ" ಎನ್ನುತ್ತಿದ್ದ.
ಅವನಿಗೆ ಈ ಕದ ತೋರಿಸಬೇಕಿತ್ತು.
ಉಗಿದು, ಆಮೇಲೆ ಮೆಚ್ಚುತ್ತಿದ್ದ.

ಹೊರಬಿದ್ದ ಬಳೆ ಹುಡುಗನ ಕರುಳನ್ನು
ನೆಂಟನಂತೆ ತಬ್ಬಿ ಮುಳ್ಳನ್ನು ಒಳಗೆ ಕಳಿಸುತ್ತದೆ.
ಕೊಲ್ಲುವುದಿಲ್ಲ ಅದು. ಚಿಲಕ ಮುರಿಯುತ್ತದೆ, ಅಷ್ಟೆ.
ಉಪ್ಪಿನ ಬಾಗಿಲು ತೆರೆದದ್ದು ತೆರೆದೇ,
ಉಪ್ಪು ಹೊರಟಿತೆಂದು ನೀರೂ ಹಿಂದೆಯೇ
ಹೇಳದೆ ಕೇಳದೆ, ತಾಸಿಗೊಂದು ಲೀಟರು.
ತನ್ನ ಕದವನ್ನು ಅಷ್ಟು ನಾಜೂಕಾಗಿ ಮುಚ್ಚಬಲ್ಲದ್ದು
ನಮ್ಮದನ್ನು ಹಾರುಹೊಡೆದು ಹೋಗುತ್ತದೆ.

ವಾರ್ಡಿನಲ್ಲಿ ಶಿಪ್ರಾ ದೀದಿ
ಮೂರನೆಯ ಸಲಕ್ಕೆ ನರ ಸಿಕ್ಕು ಸೂಜಿ ಇಳಿಸಿದಳು.
ಲೋಟದಲ್ಲಿ ಅಕ್ಕಿಹಿಟ್ಟಿನ ಗಂಜಿ, ಚಿಟಿಕೆ ಉಪ್ಪು.
ಕರುಳಿಗೆ ಇನ್ನೊಂದು ಕಿರುಬಾಗಿಲುಂಟು,
ಸಕ್ಕರೆಯ ಕೈ ಹಿಡಿದು ಬಂದರೆ ಉಪ್ಪನ್ನು ಒಳಬಿಡುವುದು.
ನಂಜಿಗೆ ಅದರ ಗೊಡವೆಯಿಲ್ಲ.
ಜೋಬೇದಾಗೆ ಇದ್ಯಾವುದೂ ಗೊತ್ತಿಲ್ಲ.
ಒಂದು ಚಮಚ, ಉಸಿರು ಹಿಡಿದು ಎಣಿಕೆ,
ಮತ್ತೊಂದು ಚಮಚ. ವಾಂತಿ.
ಸೆರಗಿನಿಂದ ಒರೆಸಿ, ಮತ್ತೊಂದು.

ಒಂಬತ್ತಕ್ಕೆ, ನಾನು ಮನೆಗೆ ಹೊರಟಾಗ,
ಮೊತಾಲೇಬ್ ಉಚ್ಚೆ ಹೊಯ್ದ,
ಮಂಚದ ತೂತು ತಪ್ಪಿಸಿ, ನೆಲದ ಮೇಲೆಲ್ಲ.
"ಕತ್ತೆ!" ಎಂದು ತಾಯಿ ನಾಚಿ ಕೈಯೆತ್ತಿದಳು.
ಶಿಪ್ರಾ ದೀದಿ ಬೈಯಲಿಲ್ಲ.
ಗಡಿಯಾರ ನೋಡಿ,
ಹೊತ್ತು ಬರೆದುಕೊಂಡಳು.