ಕಂಬದಿಂದ ಕಂಬಕ್ಕೆ

ಹಟ್ಟಿಯಲ್ಲಿ ನಾಲ್ಕೂವರೆಗೆ ಏಳುವವರು
ಗಣಿಯ ಪಾಳಿಯವರು, ನಳದ ನೀರು ಬಿಡುವವನು, ಮತ್ತೆ ನಾನು.
ನಾನು ಏಳುವುದೆಂದರೆ ಕಣ್ಣು ಬಿಡುವುದು, ಅಷ್ಟೆ.
ಉಳಿದ ಮೈ ಏಳಲು ಇನ್ನೂ ಮುಕ್ಕಾಲು ಗಂಟೆ ಬೇಕು.
ಬೆರಳು, ಮಣಿಕಟ್ಟು, ಹಿಮ್ಮಡಿ, ಮಂಡಿ
ಡಬ್ಬಿಯಲ್ಲಿಟ್ಟ ಖಡಕ್ ರೊಟ್ಟಿ:
ಮಡಚಿದಿರೋ, ಮುರಿಯಿತು.
ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಇಳಿಬಿಟ್ಟು ಕೂತು
ಎಣ್ಣೆಗಾಯಿಯ ರಸದಲ್ಲಿ ಚೂರು ಮೆತ್ತಗಾಗುವ ಹಾಗೆ
ನೆನೆಯುವವರೆಗೆ ಕಾಯುತ್ತೇನೆ.

ಬೂಟಿಗೆ ದಾರವಿಲ್ಲ.
ಗಂಟು ಹಾಕುವ ಬೆರಳು ಹೋದ ವರ್ಷವೇ ಕೈಕೊಟ್ಟವು.
ಹಳೆಯ ಲಂಗದ ಇಲಾಸ್ಟಿಕ್ ಪೋಣಿಸಿದ್ದೇನೆ.

ಕಪಾಟಿನ ಮೇಲೊಂದು ಬಹುಮಾನದ ಬಟ್ಟಲು:
ಎಂಟುನೂರು ಮೀಟರ್, ಜಿಲ್ಲೆಗೆ ಎರಡನೆಯವಳು, ವಯಸ್ಸು ಹದಿನೇಳು.
ಬಹಳ ವರ್ಷ ಅದರಲ್ಲಿ ಪಿನ್ನು, ಗುಂಡಿ, ಬಸ್ಸಿನ ಚಿಲ್ಲರೆ.
ಈಗ ಮಾತ್ರೆ. ಭಾನುವಾರ ರಾತ್ರಿ ಹಳದಿಯವು ಆರು.
ಅವು ಕೀಲಿನ ಬೆಂಕಿ ಆರಿಸುತ್ತವೆ,
ಕೈಯಲ್ಲಿ ಕೈ ಹೊಟ್ಟೆಯ ಒಲೆಯನ್ನೂ.
ಸೋಮವಾರ ಅನ್ನದ ಹಬೆ ತಾಗಿದರೂ ತೊಳಸುತ್ತದೆ.
ಸೋಮವಾರ ನನ್ನದಲ್ಲ,
ಪಾಲಿಗೆ ಕೊಟ್ಟ ಹೊಲದ ಹಾಗೆ
ಮಾತ್ರೆಗೆ ಬಿಟ್ಟಿದ್ದೇನೆ.

ಇದು ಸಾಲದೆಂದು, ಗಣಪ್ಪನ ಹಬ್ಬದ ಹಿಂದಿನ ದಿನ
ನಮ್ಮ ಶಾಲೆಯ ಮೆಟ್ಟಿಲ ಮೇಲೆ ಸಾಬೂನು ನೀರು.
ಎಡಮಂಡಿಯೊಳಗೆ ಏನೋ ಹರಿದ ಸದ್ದು,
ಅಂಗಡಿಯವನು ರವಿಕೆ ಖಣ ಹರಿದುಕೊಡುವಷ್ಟು ನೇರ.
ರಾಯಚೂರಿನ ಡಾಕ್ಟರು ಸ್ಕ್ಯಾನಿಂಗ್ ಹಾಳೆ ಬೆಳಕಿಗೆ ಹಿಡಿದು
"ಓಟ ಮರ್ತುಬಿಡ್ರಿ" ಅಂದರು.
ಅವರು ಹೊರಗೆ ಹೋದ ಮೇಲೆ
ವ್ಯಾಯಾಮ ಹೇಳಿಕೊಡುವ ಸಬೀಹಾ, ನನ್ನ ಪಾದ ಹಿಡಿದುಕೊಂಡೇ,
"ಮರೀಬ್ಯಾಡ್ರಿ ಅಕ್ಕ. ಸಣ್ಣದು ಮಾಡ್ರಿ."

ಸಣ್ಣದೆಂದರೆ ಎಷ್ಟು?
ಒಂದು ಕರೆಂಟು ಕಂಬದಿಂದ ಇನ್ನೊಂದಕ್ಕೆ.
ಒಂದು ಓಡು, ಎರಡು ನಡಿ.
ಮೊದಲ ದಿನ ಆ ಒಂದೂ ಆಗಲಿಲ್ಲ.
ನಡುವಿನ ಜಾಲಿಗಿಡದ ಹತ್ತಿರ ನಿಂತು
ಬೂಟಿನಲ್ಲಿ ಕಲ್ಲು ಹೊಕ್ಕವಳಂತೆ ನಟಿಸಿದೆ,
ನೋಡಲು ಒಂದು ನಾಯಿಯೂ ಇರಲಿಲ್ಲ.

ಮತ್ತೊಂದು ದಿನ ಕೊಡ ಹೊತ್ತ ಈರಮ್ಮ:
"ಯಾರು ಬೆನ್ನು ಹತ್ಯಾರವಾ?"
"ಬಿಸಿಲು" ಅಂದೆ.
ಸುಳ್ಳಲ್ಲ. ಏಳು ಗಂಟೆಗೆಲ್ಲ ನಮ್ಮಲ್ಲಿ
ಡಾಂಬರು ಅಂಗಾಲನ್ನು ಗುರುತು ಹಿಡಿಯುತ್ತದೆ.

ಮೋರಿಕಟ್ಟೆಯ ಮೇಲೆ ಆದೆಪ್ಪ ಕೂತಿರುತ್ತಾನೆ.
ನೆಲದಡಿಯ ಕತ್ತಲಲ್ಲಿ ಇಪ್ಪತ್ತಾರು ವರ್ಷ ದುಡಿದವನು,
ಈಗ ಎದೆಯೊಳಗೆ ಯಾರೋ ಸದಾ ಜರಡಿ ಆಡಿಸುತ್ತಾರೆ.
"ಎಷ್ಟಾತು?"
"ಏಳು ಕಂಬ. ನಿಂದು?"
"ಮನಿಯಿಂದ ಇಲ್ಲೀತನಕ. ನಡುವ ಎರಡು ಸಲ ಕೂತೆ."
ನಾವಿಬ್ಬರೂ ಒಬ್ಬರಿಗೊಬ್ಬರು
ಪಾಪ ಅನ್ನುವುದಿಲ್ಲ.

ಇವತ್ತು ಎಂಟು ದಾಟಿದ ಮೇಲೆ
ಹೆಜ್ಜೆ ತನ್ನ ಪಾಡಿಗೆ ತಾನು ಬೀಳತೊಡಗಿತು.
ನೋವು ಇತ್ತು, ಪಕ್ಕದ ಮನೆಯ ರೇಡಿಯೋದಷ್ಟು.
ಹದಿನೇಳರ ಹುಡುಗಿ ಒಳಗಿನಿಂದ ಮೊಣಕೈ ತಿವಿದಳು:
ಹತ್ತು ಮುಟ್ಟು, ಹತ್ತು ಮುಟ್ಟು.
ಅವಳ ಮಾತು ಕೇಳಿ ಮಾರ್ಚಿಯಲ್ಲಿ
ಮೂರು ವಾರ ಹಾಸಿಗೆ ಹಿಡಿದಿದ್ದೆ.
ಗಣಿಯ ಸೈರನ್ ಕೂಗಿತು.
ಒಂಬತ್ತನೆಯ ಕಂಬಕ್ಕೆ ಅಂಗೈ ಆನಿಸಿದೆ,
ಸಿಮೆಂಟಿನಲ್ಲಿ ಇನ್ನೂ ರಾತ್ರಿ ಉಳಿದಿತ್ತು.
ತಿರುಗಿದೆ.

ಆದೆಪ್ಪ ಎದ್ದು ಜೊತೆಯಾದ.
ಅವನಿಗಾಗಿ ನಾನು ನಿಧಾನ ಮಾಡಿದೆನೋ
ನನಗಾಗಿ ಅವನೋ.
"ನಾಳೆ ಹತ್ತೇನು?"
"ನಾಳೆ ಸೋಮವಾರ."
ಅವನು ಒಂದಿಷ್ಟು ಹೊತ್ತು ಉಸಿರು ಕೂಡಿಸಿಕೊಂಡ.
"ಹಂಗಾರ ಮಂಗಳವಾರ."