ಟಾಕಾ

ಜತ್ತದಾಗ ವಿಜಾಪುರ ರಸ್ತೆಗೆ
ನನ್ನ ಹೊಲಿಗಿ ಅಂಗಡಿಗೂ ದಸ್ತಗೀರ ವಸ್ತಾದರ ಗ್ಯಾರೇಜಿಗೂ
ನಡುವ ಒಂದಽ ಗ್ವಾಡಿ.
ಹನ್ನೊಂದು ವರ್ಷ ಅವರ ಗಾಡಿಗಳಿಗೆ ಸೀಟ್ ಕವರ್ ಹೊಲದೆ.
ಗ್ವಾಡಿ ಆಚೆ ಚರ್ರ್ ಅಂದಾಗೆಲ್ಲ
ನನ್ನ ಮಷೀನಿನ ಸೂಜಿ ಒಂದು ಗಳಿಗಿ ತಡೀತಿತ್ತು.
ಕೈಕೆಳಗಿನ ಹುಡುಗ ಪುಣೆಕ್ಕ ಹೋದ ದಿನ
ನಾನಽ ಹೋಗಿ ಕೇಳಿದೆ.
ವಸ್ತಾದರು ನನ್ನ ಸೀರಿ ನೋಡಿದರು, ಕೈ ನೋಡಿದರು.
"ನೈಲಾನ್ ಬ್ಯಾಡ ಮಾಳವ್ವಾ, ಸುಟಗೊಂತಿ.
ಕಾಟನ್ ಉಟ್ಟು, ಮ್ಯಾಲೊಂದು ತುಂಬು ತೋಳಿನ ಅಂಗಿ ಹಾಕ್ಕೊಂಡು ಬಾ."
ಅಷ್ಟಽ ಪರೀಕ್ಷೆ.

ಗಾಡಿ ರತ್ನಾಗಿರಿದು, ಹಳೇ ಓಮ್ನಿ.
ಅಗ್ಗಕ್ಕ ಸಿಕ್ಕಿತಂತ ಮಣೂಕದ ವ್ಯಾಪಾರಿ ತಂದಿದ್ದ.
ಚಾಪಿ ಎತ್ತಿದರ ಕೆಳಗ ನೆಲ ಕಾಣತಿತ್ತು.
ಸಮುದ್ರ ನೋಡಿಲ್ಲ ನಾ.
ಅದು ತಿಂದು ಬಿಟ್ಟ ತಗಡ ನೋಡೇನಿ:
ಬೆರಳಾಗ ಹಿಡದರ ಕಟಿ ರೊಟ್ಟಿಯಂಗ ಮುರೀತಿತ್ತು.
ಯಾರೂ ಇಲ್ಲದಾಗ ನಾಲಿಗಿ ತುದಿಗೆ ಹಚ್ಚಿ ನೋಡಿದೆ.
ಉಪ್ಪು ಹತ್ತಲಿಲ್ಲ.

ಮೊದಲ ಎಂಟು ದಿನ ಕೆಟ್ಟ ತಗಡಿನ ಮ್ಯಾಲ ಕೈ ತಿದ್ದೋದು.
ಮುಖವಾಡದೊಳಗ ಬರೇ ಕತ್ತಲಿ.
ಮಿಗ್ ಮಷೀನಿನ ಕುದುರಿ ಒತ್ತಿದರ
ತಂತಿ ತಾನಽ ಬರತೈತಿ,
ಸೂಜಿ ಇಲ್ಲದ ದಾರ,
ಬಂದ ಬಂದಂಗ ಕರಗಿ ಸಾಯತೈತಿ.
ನಾ ಹೊಲಿಯೋಹಂಗ ಒಂದಽ ಉಸುರಿಗೆ ಗೆರಿ ಎಳದೆ.
ತಗಡ ಹಪ್ಪಳದಂಗ ಮುರುಟಿತು, ನಡುವ ತೂತು ಬಿತ್ತು,
ತೂತು ಮುಚ್ಚಾಕ ಹೋಗಿ ದೊಡ್ಡ ತೂತು.
ಒಮ್ಮೆ ತಂತಿ ಒಳಗಽ ಗುಬ್ಬಿಗೂಡು ಕಟ್ಟಿತು.
ಅದೊಂದು ನನಗ ಗೊತ್ತಿತ್ತು,
ಬಾಬಿನ್ ಕೆಳಗೂ ದಾರ ಹಿಂಗಽ ಸಿಕ್ಕ ಬೀಳತೈತಿ.
ಸಿಟ್ಟು ಮಾಡದ ಕತ್ತರಿಸಿ ತಗದೆ.

"ಟ್ಯಾಕ್ ಹಾಕು, ಟ್ಯಾಕ್!" ಅಂತಿದ್ದರು ವಸ್ತಾದರು.
ಮುಖವಾಡದೊಳಗ ನನಗದು
ಟಾಕಾ ಅಂತ ಕೇಳಿಸಿತು.
ತೋಳು ಕೂಡಸೋ ಮೊದಲ ಏನ ಮಾಡತೀವಿ?
ಇಲ್ಲೊಂದು ಟಾಕಾ, ದೂರ ಅಲ್ಲೊಂದು,
ಮತ್ತ ಎದುರ ಮೂಲಿಗೊಂದು. ಬಟ್ಟಿ ಜಗ್ಗಬಾರದು.
ತಗಡೂ ಹಂಗಽ.
ಒಂದ ಕಡೆ ಸುಟ್ಟರ ಇನ್ನೊಂದ ಕಡೆ ಮುನಿಸಿಕೊಂತೈತಿ.
ಚಿಟಿಕಿಯಷ್ಟು ಬೆಂಕಿ ಇಡಬೇಕು, ಕೈ ತಗೀಬೇಕು,
ಅದು ಆರೋತನಕ ಬ್ಯಾರೆ ಕಡೆ ಹೋಗಬೇಕು.

ಉಳಿದದ್ದು ಕಿವಿ ಕಲಸತು.
ಪಟಪಟ ಸಿಡದರ ತಂತಿಗೆ ಅವಸರ,
ಬುಸ್ ಅಂದರ ಕರೆಂಟ್ ಹೆಚ್ಚಾಗೇತಿ,
ಸರಿ ಇದ್ದರ ಎಣ್ಣ್ಯಾಗ ಸಾಸಿವಿ ಬಿದ್ದಂಗ
ಒಂದಽ ಸಮ ಚಿಟಿಚಿಟಿ.
ಆಷಾಢದ ಗಾಳಿ ನುಗ್ಗಿ ಗ್ಯಾಸ್ ಹೊತಗೊಂಡು ಹೋದ ದಿನ
ಬೆಸಿಗಿ ತುಂಬ ಇರಬಿ ಗೂಡಿನಂಥ ತೂತು.
ಗುಡ್ಡದ ಮ್ಯಾಲಿನ ದೊಡ್ಡ ಪಂಖಾಗಳಿಗೆ ಬೇಕಾದ ಗಾಳಿ
ನನಗ ಬ್ಯಾಡ. ಶಟರ್ ಎಳದೆ.

ಜಂಪರ ತಪ್ಪಿದರ ಬಿಚ್ಚಿ ಹೊಲೀಬಹುದು.
ಇದನ್ನ ಬಿಚ್ಚಾಕ ಬರಂಗಿಲ್ಲ, ಕಡಿಯೋದಽ.
ಛಂದ ಬಂದದ್ದನ್ನೂ ತಿಕ್ಕಿ, ಬಣ್ಣ ಹೊಡದು ಮುಚ್ಚತಾರ.
ನಾ ಹಚ್ಚಿದ ಜರಿ ಅಂಚು ಊರಽ ನೋಡತಿತ್ತು.
ಇದು ಯಾರಿಗೂ ಕಾಣಬಾರದು.
ಇನ್ನೂ ರೂಢಿಯಾಗಿಲ್ಲ ನನಗ.

ಇಪ್ಪತ್ಮೂರನೇ ದಿನ ಸಂಜೀಕ
ಓಮ್ನಿ ಒಳಗ ಬಲ್ಬ್ ಇಟ್ಟು
ವಸ್ತಾದರು ಗ್ಯಾರೇಜಿನ ದೀಪ ಆರಿಸಿದರು.
ಗೋಣಿತಾಟ ಹಾಸಿ ಕೆಳಗ ಮಲಗಿದೆ.
ಕತ್ತಲಿ. ಕತ್ತಲಿ.
ಎಡಗಡೆ ಮೂಲ್ಯಾಗ
ಸೂಜಿ ಮೊನಿಯಷ್ಟು ಬೆಳಕು.
"ಎಷ್ಟದಾವ?" ಮ್ಯಾಲಿಂದ ಕೇಳಿದರು.
ಹೇಳೋ ಮೊದಲ
ಸೆರಗಿನ ಗಂಟಿನಾಗಿನ ಚಾಕ್ ಬಿಲ್ಲಿ ತಗದು
ಅದರ ಸುತ್ತ ಒಂದು ಸೊನ್ನಿ ಬರದೆ.