ಹಾಸಿಗೆ ಕಂಪನಿಯ ಪಾಸ್‌ವರ್ಡ್

ನಮ್ಮ ಊರು ವುಚ್. ಪೋಲಿಷಿನಲ್ಲಿ ದೋಣಿ ಎಂದರ್ಥ.
ನದಿಗಳು ಮಾತ್ರ ಎಂದೋ
ಗಿರಣಿಗಳ ಬಣ್ಣ ಕುಡಿದೂ ಕುಡಿದೂ ನೆಲದಡಿ ಸೇರಿದವು,
ಟ್ರಾಮಿನ ಹಳಿಯ ಕೆಳಗೆ, ಕೊಳವೆಯೊಳಗೆ.
ನೀರಿಲ್ಲದ ದೋಣಿಯಲ್ಲಿ ಕೂತಿದ್ದೇವೆ,
ಹಳೆಯ ನೂಲಿನ ಗಿರಣಿ, ಮೂರನೆಯ ಮಹಡಿ,
ಏಳು ಕುರ್ಚಿ, ಒಂದು ಕೆಟ್ಟ ಕಾಫಿ ಯಂತ್ರ.
ನಾವು ಜಾಹೀರಾತು ಮಾಡುವವರು.
ಹೊರಗಿನ ನಮ್ಮದೇ ಬೋರ್ಡಿನಲ್ಲಿ
ಒಂದಕ್ಷರ ಉದುರಿ ಎರಡು ಚಳಿಗಾಲವಾಯಿತು.

ಯಜಮಾನ ಜೆನೊನ್ ಶನಿವಾರ ಶಿಬಿರಕ್ಕೆ ಹೋಗುತ್ತಾನೆ,
ಸೋಮವಾರ ಹೊಸದೊಂದು ಪದದೊಂದಿಗೆ ಬರುತ್ತಾನೆ.
ಹೋದ ವಾರ 'ಹಸಿವು'. ಅದಕ್ಕೂ ಹಿಂದೆ 'ಪಾರದರ್ಶಕತೆ'.
ಮಂಗಳವಾರಕ್ಕೆ ಪದ ಹಳಸುತ್ತದೆ,
ಬುಧವಾರ ಅದರಿಂದಲೇ ಯಾರಿಗಾದರೂ ಏಟು.
ನಾವೆಲ್ಲ ಒಂದೇ ಕುಟುಂಬ, ಅನ್ನುತ್ತಾನೆ.
ಸುಳ್ಳಲ್ಲ:
ಆಸ್ತಿ ಪಾಲಾಗುವ ದಿನದ ಕುಟುಂಬ.

ಲೆಕ್ಕ ಬರೆಯುವವಳು ನಾನು, ಹದಿಮೂರು ವರ್ಷದಿಂದ.
ನೀನೇಕೆ ಹೋಗಲಿಲ್ಲ ಎಂದು ಕೇಳುತ್ತಾರೆ.
ಮನೆಯೆದುರು ಹತ್ತಿದ ಟ್ರಾಮು ಇಲ್ಲೇ ಇಳಿಸುತ್ತದೆ.
ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಸೆವೆರಿನ್ ಒಂದು ಮಧ್ಯಾಹ್ನ
ಸೂಪು ತರುತ್ತೇನೆಂದು ಹೊರಟವನು
ಸಂಜೆ ವ್ರೊತ್ಸ್‌ವಾಫಿನಿಂದ ಫೋನು ಮಾಡಿದ.
ಅವನ ಕೋಟು ಮೊಳೆಗೆ ತೂಗುತ್ತಲೇ ಇತ್ತು,
ಏಪ್ರಿಲಿನಲ್ಲಿ ಜೇಬು ತಡಕಿದೆ:
ಒಂದು ಕೈಗವಸು, ಸೂಪಿನ ದುಡ್ಡು.
ಲಿಡ್ಯಾ ಅಳುತ್ತ ಹೋದಳು, ಅವಳ ಜಾಗಕ್ಕೆ ಬಂದವನ
ಹೆಸರು ನಾಲಗೆಗೆ ಕೂರುವ ಮೊದಲೇ
ಕೊನೆಯ ಸಂಬಳದ ಚೀಟಿ ಬರೆದೆ.
ಕಿಟಕಿ ಪಕ್ಕದ ಮೇಜಿನ ಡ್ರಾಯರಿನ ಮೇಲೆ
ಹೆಸರಿನ ಪಟ್ಟಿ ಅಂಟಿಸುವುದು ನನ್ನದೇ ಕೆಲಸ.
ಹಳೆಯದನ್ನು ಕೀಳುವುದಿಲ್ಲ, ಮೇಲೇ ಅಂಟಿಸುತ್ತೇನೆ.
ಈಗದು ಬೆರಳಿಗೆ ದಪ್ಪಗೆ ತಾಗುತ್ತದೆ,
ವಾಸಿಯಾದ ಗಾಯದ ಹಾಗೆ. ಪೂರ್ತಿ ವಾಸಿಯಾಗದ್ದು.

ನಾವು ನಿಜಕ್ಕೂ ಚೆನ್ನಾಗಿ ಬರೆಯುವ ಜಾಹೀರಾತು ಒಂದೇ:
'ಕೆಲಸಕ್ಕೆ ಬೇಕಾಗಿದ್ದಾರೆ.'
ವರ್ಷಕ್ಕೆ ಐದು ಸಲ ತಿದ್ದಿ ತೀಡಿ ಹೊಳಪಾಗಿದೆ.
'ಉತ್ಸಾಹಿ ಯುವ ತಂಡ', ಹೌದು,
ಮುದುಕಾಗುವಷ್ಟು ಹೊತ್ತು ಯಾರಿದ್ದಾರೆ?

ಹೋದ ಗುರುವಾರ ಬಂದವಳು ಕಿಂಗಾ.
ಹೊಸ ಬೂಟು, ಸ್ವಂತದ ಮಗ್ಗು.
ಮೂರನೆಯ ದಿನ ಹಾಸಿಗೆ ಕಂಪನಿಯ ಖಾತೆ ತೆರೆಯಬೇಕಿತ್ತು.
ಪಾಸ್‌ವರ್ಡ್ ಜೆನೊನ್‌ಗೆ ಗೊತ್ತಿಲ್ಲ,
ಗೊತ್ತಿಲ್ಲವೆಂಬುದೂ ಅವನಿಗೆ ಗೊತ್ತಿಲ್ಲ;
ಹುಟ್ಟು ಯಾರ ಕೈಲಿದೆಯೆಂದು ನೋಡದೆ
ದೋಣಿಗೆ ದಿಕ್ಕು ತೋರುವವನು ಅವನು.

ಬುರೆಕ್, ಅಂದೆ. ಆಮೇಲೆ ಹದಿನೇಳು.
ಯಾರದು ಬುರೆಕ್?
ನಾಯಿ.
ಯಾರ ನಾಯಿ?
ಗ್ರಾಝಿನಾಳದು.
ಗ್ರಾಝಿನಾ ಯಾರು?

ನಿನ್ನ ಕುರ್ಚಿಯಲ್ಲಿದ್ದವನಿಗಿಂತ
ಮುಂಚೆ ಇದ್ದವಳಿಗಿಂತ ಮುಂಚೆ, ಎಂದು ಶುರು ಮಾಡಿ
ಎಣಿಕೆ ತಪ್ಪಿ ಸುಮ್ಮನಾದೆ.
ಜೋರಾಗಿ ನಗುತ್ತಿದ್ದಳು ಗ್ರಾಝಿನಾ.
ರಜೆಯಲ್ಲಿದ್ದಾಗಲೂ ರಾತ್ರಿ ಹನ್ನೊಂದಕ್ಕೆ ಜೆನೊನ್ ಫೋನು ಮಾಡಿ
'ಇದೊಂದು ಸಣ್ಣ ಕೆಲಸ' ಅನ್ನುತ್ತಿದ್ದ.
ಒಂದು ರಾತ್ರಿ ಫೋನನ್ನು
ಅಕ್ಕಿ ಡಬ್ಬದೊಳಗೆ ಹುಗಿದು ಮಲಗಿದಳಂತೆ,
ಬೆಳಿಗ್ಗೆ ರಾಜೀನಾಮೆ.
ಹೋಗಿ ಆರು ವರ್ಷ. ಈಗಲೂ ಯಾವುದಾದರೂ ಬಾಗಿಲು ತೆರೆಯದಿದ್ದರೆ
ನಾನು ಗುಟ್ಟಾಗಿ ಅವಳಿಗೇ ಕರೆ ಮಾಡುತ್ತೇನೆ.
ಡಿಸೆಂಬರಿನಲ್ಲಿ ಹೇಳಿದಳು, ಬುರೆಕ್ ಹೋದ,
ಅಡುಗೆಮನೆಯ ಹೀಟರಿಗೆ ಬೆನ್ನು ತಾಗಿಸಿ, ನಿದ್ದೆಯಲ್ಲೇ.
ಬದಲಿಸಿಬಿಡು ಅದನ್ನು, ಅಂದಳು.
ಆಗಲಿ ಅಂದೆ.

ಕಿಂಗಾಗೆ ಇದನ್ನೆಲ್ಲ ಹೇಳಲಿಲ್ಲ.
ದೊಡ್ಡಕ್ಷರವೋ ಚಿಕ್ಕದೋ ಎಂದು ಕೇಳಿದಳು.
ದೊಡ್ಡದು, ಅಂದೆ, ಹೆಸರಲ್ಲವೆ.
ಒಂದೊಂದೇ ಅಕ್ಷರ ಒತ್ತಿದಳು.
ತೆರೆಯಿತು. ಪರದೆ ತುಂಬ ಬಿಳಿಯ ಹಾಸಿಗೆ,
ಅದರ ಮೇಲೆ ಗ್ರಾಝಿನಾ ಬರೆದಿಟ್ಟು ಹೋದ ಸಾಲು,
ಇನ್ನೂ ಯಾರೂ ತಿದ್ದದ್ದು:
'ಇನ್ನು ನಿಶ್ಚಿಂತೆಯಾಗಿ ಮಲಗಿ.'

ಒಳಗಿನಿಂದ ಜೆನೊನ್ ಕೂಗಿದ, ಹೊಸ ಹುಡುಗಿಯ ಹೆಸರೇನು ಅಂತ.